ಜೋಡಿ ಗೆರೆ

ನಮ್ಮ ಜೆನೆಟಿಕ್ಸ್ ಪ್ರಾಕ್ಟಿಕಲ್ ಶುರುವಾದದ್ದು ಒಲೆಯ ಮುಂದೆ. ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ರವೆ, 10 ಗ್ರಾಂ ಅಗರ್. ಗಂಟಾಗದ ಹಾಗೆ ಕೈ ಬಿಡದೆ ತಿರುವಬೇಕು. ಇಳಿಸಿದ ಮೇಲೆ ಬೂಸ್ಟು ಹಿಡಿಯದಿರಲೆಂದು 7.5 ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲ. ಬಿಸಿಯಿರುವಾಗಲೇ ಬಾಟಲಿಗಳಿಗೆ ಸುರಿದು, ಆರಿದ ಮೇಲೆ ಒಂದೆರಡು ತೊಟ್ಟು ಯೀಸ್ಟ್. ಅದು ಹಣ್ಣಿನ ನೊಣಗಳ ಊಟ. ಹೆಸರು ಮೀಡಿಯಂ ಅಂತಿದ್ದರೂ ವಾಸನೆ ಮಾತ್ರ ನಾಗರ ಪಂಚಮಿಗೆ ಅವ್ವ ಮಾಡುತ್ತಿದ್ದ ಸಜ್ಜಕದ್ದು. 1997ರ ಮಳೆಗಾಲದಲ್ಲಿ, ಕಂಪ್ಲಿಯಿಂದ ಅಷ್ಟು ದೂರದ ಮೈಸೂರಿನಲ್ಲಿ, ಆ ವಾಸನೆಗೆ ನನ್ನ ಕಣ್ಣು ತುಂಬಿ ಬಂದದ್ದು ಇವತ್ತಿಗೂ ನೆನಪಿದೆ.

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಬಸ್ಸು ಹಿಡಿದು ಓಡಾಡಿಕೊಂಡು ಹೊಸಪೇಟೆಯಲ್ಲಿ ಪಿಯುಸಿ ಮಾಡಿದವಳು ನಾನು. ಮೈಸೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ, ರಸಾಯನಶಾಸ್ತ್ರದ ಜೊತೆಗೆ ಜೆನೆಟಿಕ್ಸ್ ಅಂತ ಒಂದು ವಿಷಯವೇ ಇದೆ ಎಂದು ಪಿಯುಸಿಯ ಮೇಷ್ಟ್ರೊಬ್ಬರು ಹೇಳಿದ್ದರು. ಅದನ್ನು ಓದಿದರೆ ಏನಾಗಬಹುದು ಎಂದು ಅಪ್ಪ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಯಾಕೆ ಓದಬೇಕೆಂದು ಗೊತ್ತಿತ್ತು. ಅದನ್ನು ಅಪ್ಪನೆದುರು ಹೇಳುವ ಹಾಗಿರಲಿಲ್ಲ. ನನಗಿಂತ ಒಂದೂವರೆ ವರ್ಷಕ್ಕೆ ಚಿಕ್ಕವನಾದ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ.

ಅವನು ಹುಟ್ಟಿದ್ದು 1980ರ ಜುಲೈನಲ್ಲಿ. ಆ ವರ್ಷದ ಫೆಬ್ರವರಿ 16ರ ಮಧ್ಯಾಹ್ನ ಕರ್ನಾಟಕದ ಮೇಲೆ ಖಗ್ರಾಸ ಸೂರ್ಯಗ್ರಹಣ ಹಾದುಹೋಯಿತು. ಹುಬ್ಬಳ್ಳಿ, ರಾಯಚೂರಿನ ಕಡೆ ಹಗಲೇ ಕತ್ತಲಾಗಿ, ನಮ್ಮ ಕಡೆಯೂ ಮಬ್ಬು ಕವಿದು, ಹಕ್ಕಿಗಳು ಗೂಡಿಗೆ ಹೊರಟವಂತೆ. ಬಸುರಿ ಅವ್ವನನ್ನು ಒಳಮನೆಯಲ್ಲಿ ಕೂರಿಸಿದ್ದರು. ಆಗಷ್ಟೇ ವರ್ಷ ತುಂಬಿದ ನಾನು ಹಸಿವೆಂದು ಅತ್ತೆನೋ ಏನೋ, ಅವ್ವ ಎದ್ದು ಈಳಿಗೆಯ ಮೇಲೆ ಎರಡು ಬದನೆಕಾಯಿ ಹೆಚ್ಚಿದಳು. ಅಷ್ಟೇ. ತಮ್ಮನಿಗೆ ಎರಡು ವರ್ಷ ತುಂಬಿ, ತಟ್ಟೆ ಬಡಿದರೂ ಅವನು ತಿರುಗಿ ನೋಡುವುದಿಲ್ಲವೆಂದು ಗೊತ್ತಾದ ದಿನ ಅಪ್ಪನ ತಾಯಿಯ ಬಾಯಿಂದ ಆ ಮಾತು ಬಂತು: ಗ್ರಹಣದಾಗ ಈಳಿಗಿ ಮುಟ್ಟಿದ್ಯಲ್ಲ. ಅಲ್ಲಿಂದಾಚೆ ಹದಿನೇಳು ವರ್ಷ ನಮ್ಮ ಮನೆಯಲ್ಲಿ ಅದೇ ಕಾರಣವಾಗಿ ಉಳಿಯಿತು. ಯಾರೂ ಜಗಳ ತೆಗೆದು ಹೇಳುತ್ತಿರಲಿಲ್ಲ. ಮದುವೆಗೋ ಜಾತ್ರೆಗೋ ಬಂದ ನೆಂಟರು ತಮ್ಮನನ್ನು ಕಂಡು ಲೊಚಗುಟ್ಟಿದಾಗ ಯಾರಾದರೊಬ್ಬರು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ಅವ್ವ ಎದ್ದು ಒಳಗೆ ಹೋಗುತ್ತಿದ್ದಳು.

ನೊಣಗಳ ವಿಷಯಕ್ಕೆ ಬರುತ್ತೇನೆ. ಮೈಸೂರಿಗೂ ಹಣ್ಣಿನ ನೊಣಕ್ಕೂ ಹಳೆಯ ನಂಟು. ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಪ್ರೊ. ಎಂ.ಆರ್. ರಾಜಶೇಖರಶೆಟ್ಟಿ ಅವರು ಡ್ರೊಸೊಫಿಲಾ ಅಧ್ಯಯನಕ್ಕೆ ಬುನಾದಿ ಹಾಕಿದವರು. ಅಲ್ಲಿ ತಳಿ ತಳಿಯಾಗಿ ನೊಣಗಳನ್ನು ಸಾಕಿ, ಕೇಳಿದವರಿಗೆ ಕೊಡುವ ಸಂಗ್ರಹವೇ ಇದೆ. ನಮ್ಮ ಕಾಲೇಜಿಗೂ ಸೀಸೆಗಳು ಅಲ್ಲಿಂದಲೇ ಬರುತ್ತಿದ್ದವು. ಮೊದಲ ವರ್ಷ ನನ್ನ ಪಾಲಿಗೆ ಬಂದದ್ದು ಮೊಟಕು ರೆಕ್ಕೆಯ ನೊಣ. ರೆಕ್ಕೆಯಿರುವ ಜಾಗದಲ್ಲಿ ಮುದುಡಿದ ಎರಡು ತುಣುಕು, ಹಾರಲಾರದೆ ಬಾಟಲಿಯ ಗೋಡೆ ಹತ್ತುತ್ತಿರುತ್ತವೆ. ಅವನ್ನು ಸಹಜ ರೆಕ್ಕೆಯವುಗಳ ಜೊತೆ ಕೂಡಿಸಬೇಕು. ಹತ್ತು ದಿನಕ್ಕೆ ಮುಂದಿನ ಪೀಳಿಗೆ. ಒಂದೂ ಬಿಡದೆ ಎಲ್ಲಕ್ಕೂ ಪೂರ್ತಿ ರೆಕ್ಕೆ! ಮೊಟಕು ರೆಕ್ಕೆ ಎಲ್ಲಿ ಹೋಯಿತು? ಅವನ್ನೇ ತಮ್ಮತಮ್ಮಲ್ಲಿ ಕೂಡಿಸಿ ಮತ್ತೆ ಹತ್ತು ದಿನ ಕಾದೆ. ಈಥರ್ ಮುಟ್ಟಿಸಿ ಮಂಪರು ಬರಿಸಿ, ಬಿಳಿ ಹೆಂಚಿನ ಮೇಲೆ ಹರವಿ, ಸಣ್ಣ ಕುಂಚದ ತುದಿಯಲ್ಲಿ ಒಂದೊಂದನ್ನೇ ಬಲಕ್ಕೆ, ಎಡಕ್ಕೆ ಸರಿಸುತ್ತ ಎಣಿಸಿದೆ. ಪೂರ್ತಿ ರೆಕ್ಕೆಯವು 318. ಮೊಟಕು ರೆಕ್ಕೆಯವು 97.

ಮೂರಕ್ಕೆ ಒಂದು. ಮೆಂಡೆಲ್ ಬಟಾಣಿಯಲ್ಲಿ 5,474 ದುಂಡು ಕಾಳು, 1,850 ಸುಕ್ಕು ಕಾಳು ಎಣಿಸಿ 1866ರಲ್ಲಿ ಅಚ್ಚು ಹಾಕಿಸಿದ ಅದೇ ಲೆಕ್ಕ. ಪುಸ್ತಕದಲ್ಲಿ ಓದಿದ್ದು ಬೇರೆ. ಕುಂಚದ ತುದಿಯಲ್ಲಿ ತೊಂಬತ್ತೇಳನೆಯದನ್ನು ಎಡಕ್ಕೆ ಸರಿಸಿ ಕೂಡಿಸಿ ನೋಡಿದಾಗ ಮೈ ಜುಮ್ಮೆಂದದ್ದು ಬೇರೆ. ತಂದೆತಾಯಿ ಇಬ್ಬರಲ್ಲೂ ಕಾಣದ್ದು ಮಕ್ಕಳಲ್ಲಿ ಬಂದಿತ್ತು. ಅದು ಅಜ್ಜ ಅಜ್ಜಿಯರಿಂದ, ಮಧ್ಯದವರ ಒಳಗೆ ಹಾದು ಬಂದಿತ್ತು. ಆ ನೊಣಗಳ ಬಾಟಲಿಯ ಮೇಲೆ ಗ್ರಹಣ ಹಾದಿರಲಿಲ್ಲ.

ಹೈಸ್ಕೂಲಿನ ಕನ್ನಡ ಪುಸ್ತಕದಲ್ಲಿ ಇಂಥ ಗುಣಕ್ಕೆ 'ದುರ್ಬಲ' ಎಂದು ಬರೆದಿತ್ತು, ಎದುರಾಳಿಗೆ 'ಪ್ರಬಲ'. ಆ ಎರಡು ಪದ ಯಾರು ಆರಿಸಿದರೋ, ನನಗೆ ಒಗ್ಗಲೇ ಇಲ್ಲ. ಎರಡು ಪೀಳಿಗೆ ಮಣ್ಣೊಳಗಿನ ಬೀಜದ ಹಾಗೆ ಸುಮ್ಮನಿದ್ದು ಮೂರನೆಯದರಲ್ಲಿ ಎದ್ದು ಬರುವುದನ್ನು ದುರ್ಬಲ ಎನ್ನುವುದು ಹೇಗೆ? ನನ್ನ ನೋಟ್‌ಬುಕ್ಕಿನಲ್ಲಿ ನಾನು 'ಅಡಗಿದ ಗುಣ' ಎಂದೇ ಬರೆದುಕೊಂಡೆ. ಆದರೆ 'ತಳಿ' ಎಂಬ ಪದ ಮಾತ್ರ ನನಗೆ ಎಂದೂ ಪ್ರಿಯ. ಅದು ಹೊಲದಿಂದ ಬಂದ ಮಾತು. ತಳಿಶಾಸ್ತ್ರ ಎಂದರೆ ನನ್ನ ಅವ್ವನಿಗೂ ಅರ್ಧ ಅರ್ಥವಾಗುತ್ತಿತ್ತು.

ಅರ್ಧವೇನು, ಅವಳಿಗೆ ಮುಕ್ಕಾಲು ಗೊತ್ತಿತ್ತು ಎಂದು ತಿಳಿಯಲು ನನಗೆ ಎರಡನೇ ವರ್ಷವಾಗಬೇಕಾಯಿತು. ಮೆಂಡೆಲ್ ಬಟಾಣಿ ಹೂವಿನ ಕೇಸರಗಳನ್ನು ಮೊದಲೇ ಕಿತ್ತು, ಬೇರೆ ಗಿಡದ ಪರಾಗವನ್ನು ಕೈಯಾರೆ ಮುಟ್ಟಿಸುತ್ತಿದ್ದ ಕ್ರಮವನ್ನು ಮೇಡಂ ಬೋರ್ಡಿನ ಮೇಲೆ ಬಿಡಿಸುತ್ತಿದ್ದರು. ನನ್ನ ಕಣ್ಣಮುಂದೆ ಬಂದದ್ದು ಅವ್ವನ ಹೆಬ್ಬೆರಳಿನ ಉಗುರು.

ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು 1972ರಲ್ಲಿ 'ವರಲಕ್ಷ್ಮಿ' ಹತ್ತಿಯನ್ನು ಹೊರತಂದ ಮೇಲೆ ನಮ್ಮ ಕಡೆಯ ಎರೆಹೊಲಗಳಿಗೆ ಹೊಸ ಕೆಲಸ ಬಂತು. ವರಲಕ್ಷ್ಮಿ ಎರಡು ಬೇರೆ ಜಾತಿಯ ಹತ್ತಿಗಳ ಮಿಶ್ರತಳಿ. ಅಂಥ ಹತ್ತಿಯ ಬೀಜ ತಾನಾಗಿ ಆಗುವುದಿಲ್ಲ, ಒಂದೊಂದು ಹೂವಿಗೂ ಮನುಷ್ಯರ ಕೈ ಬೇಕು. ನಮ್ಮೂರಿನ ಹೆಂಗಸರು ಇದಕ್ಕೆ 'ಕ್ರಾಸಿಂಗ್' ಎನ್ನುತ್ತಿದ್ದರು. ಅವ್ವ ಕುರುಗೋಡಿನ ಕಡೆಯ ಬೀಜದ ಪ್ಲಾಟುಗಳಿಗೆ ವರ್ಷವರ್ಷವೂ ಹೋಗುತ್ತಿದ್ದಳು. ಒಂದು ಕಡೆ ಹೆಣ್ಣು ಸಾಲು, ಒಂದು ಕಡೆ ಗಂಡು ಸಾಲು. ಮರುದಿನ ಅರಳಬೇಕಾದ ಮೊಗ್ಗನ್ನು ಹಿಂದಿನ ದಿನ ಇಳಿಹೊತ್ತಿನಲ್ಲೇ ಹಿಡಿಯಬೇಕು. ಅವ್ವ ಎಡಗೈಯಲ್ಲಿ ಮೊಗ್ಗಿನ ಬುಡ ಹಿಡಿದು, ಬಲಗೈ ಹೆಬ್ಬೆರಳಿನ ಉಗುರನ್ನು ಬುಡದ ಸುತ್ತ ಒಮ್ಮೆ ಆಡಿಸಿ, ಪಕಳೆಯನ್ನೂ ಕೇಸರದ ಕೊಳವೆಯನ್ನೂ ಒಟ್ಟಿಗೆ ಟೋಪಿ ತೆಗೆದ ಹಾಗೆ ಎತ್ತಿಬಿಡುವಳು. ಒಳಗೆ ಶಲಾಕೆ ಮಾತ್ರ, ಎಳೆಯ ಬೆಳ್ಳಗಿನ ಕಡ್ಡಿ, ಗೀರೂ ಬೀಳದೆ ನಿಂತಿರುತ್ತಿತ್ತು. ಉಗುರು ಸ್ವಲ್ಪ ಆಳಕ್ಕಿಳಿದರೆ ಕಾಯಿಯೇ ಉದುರಿ ಹೋಗುತ್ತದೆ. ಅದರ ಮೇಲೆ ಕೆಂಪು ಕಾಗದದ ಚೀಲ. ಮರುದಿನ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಗಂಡು ಹೂ ತಂದು, ಚೀಲ ತೆಗೆದು, ಪರಾಗ ಸವರಿ, ತೊಟ್ಟಿಗೆ ದಾರ ಕಟ್ಟಬೇಕು. ಹಸಿರು ರಸ ಕೂತು ಕೂತು ಅವ್ವನ ಆ ಉಗುರು ದೀಪಾವಳಿ ಹೊತ್ತಿಗೆ ಕಪ್ಪಾಗುತ್ತಿತ್ತು. ಸಣ್ಣ ಬೆರಳುಗಳಿಗೆ ಈ ಕೆಲಸ ಚೆನ್ನಾಗಿ ಬರುತ್ತದೆಂದು ಮಕ್ಕಳನ್ನೂ ಕರೆಯುತ್ತಿದ್ದರು. ರಜೆಯಲ್ಲಿ ನಾನೂ ಹೋಗಿದ್ದೇನೆ. ಶಾಲೆ ಬಿಟ್ಟು ಬಂದ, ಮತ್ತೆ ಶಾಲೆಗೆ ಹೋಗದ ಹುಡುಗಿಯರು ಆ ಸಾಲುಗಳಲ್ಲಿ ಬೇಕಾದಷ್ಟಿದ್ದರು. ಅವರಲ್ಲೊಬ್ಬಳು ನನಗಿಂತ ವೇಗವಾಗಿ ಮೊಗ್ಗು ಬಿಡಿಸುತ್ತಿದ್ದಳು, ನನಗಿಂತ ಚುರುಕಾಗಿ ಮಗ್ಗಿ ಹೇಳುತ್ತಿದ್ದಳು. ಡಿಗ್ರಿ ಮಾಡುವಷ್ಟು ದಿನವೂ ಅವಳ ನೆನಪು ನನ್ನನ್ನು ಬಿಡಲಿಲ್ಲ.

ಹೈಬ್ರಿಡ್ ಬೀಜವನ್ನು ಯಾಕೆ ಮರುವರ್ಷಕ್ಕೆ ಇಟ್ಟುಕೊಳ್ಳಬಾರದು ಎಂದು ಆ ದಸರಾ ರಜೆಯಲ್ಲಿ ಅವ್ವನನ್ನು ಕೇಳಿದೆ. ಪರೀಕ್ಷಿಸಲೆಂದಲ್ಲ, ನಿಜಕ್ಕೂ ಕೇಳಬೇಕೆನಿಸಿತು. "ಎರಡನೇ ವರ್ಷ ಹಾಕಿದ್ರ ಒಂದೊಂದು ಗಿಡ ಒಂದೊಂದು ದಾರಿ ಹಿಡಿತಾವ. ಕೆಲವು ಅವ್ವನಂಗ, ಕೆಲವು ಅಪ್ಪನಂಗ, ಕೆಲವು ಯಾರಂಗೂ ಇಲ್ಲ" ಎಂದಳು. ನಾವು ಎರಡು ಅಧ್ಯಾಯ ಓದಿದ ವಿಷಯ ಅದು.

ಅದೇ ವರ್ಷ, 1998ರ ನವೆಂಬರ್ ಕೊನೆಯಲ್ಲಿ, ಸಿಂಧನೂರಿನ ಕಡೆ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ ರೈತ ಸಂಘದವರು ಮಾನ್ಸಾಂಟೊ ಕಂಪನಿಯ ಪ್ರಯೋಗದ ಹತ್ತಿ ಗಿಡಗಳನ್ನು ಕಿತ್ತು ಸುಟ್ಟರು. ನಾನು ಊರಿಗೆ ಬಂದಾಗ ಕಂಪ್ಲಿಯ ಚಹದಂಗಡಿಗಳಲ್ಲಿ ಅದೇ ಮಾತು. ಟರ್ಮಿನೇಟರ್ ಬೀಜವಂತೆ, ಪಕ್ಕದ ಹೊಲದ ಬೀಜವನ್ನೂ ಬಂಜೆ ಮಾಡುತ್ತದಂತೆ. ಓದಿದ ಹುಡುಗಿ ಎಂದು ನನ್ನನ್ನೂ ಕೇಳಿದರು. ಎರಡೂ ಬೇರೆ ಬೇರೆ, ಸುಟ್ಟ ಹತ್ತಿಯಲ್ಲಿದ್ದದ್ದು ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ತಂದ, ಕಾಯಿಕೊರಕವನ್ನು ಕೊಲ್ಲುವ ಜೀನು, ಬಂಜೆ ಮಾಡುವ ತಂತ್ರಕ್ಕೆ ಆ ವರ್ಷವಷ್ಟೇ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದೆ, ಇಲ್ಲಿಗೆ ಬಂದಿಲ್ಲ ಎಂದು ವಿವರಿಸಿದೆ. ಅಪ್ಪನ ವಯಸ್ಸಿನ ರೈತರೊಬ್ಬರು ಪೂರ್ತಿ ಕೇಳಿಸಿಕೊಂಡು, "ಇವತ್ತು ಬಂದಿಲ್ಲ ಅಂದಿ. ಬೀಜ ಅವರ ಕೈಯಾಗ ಹೋದ ಮ್ಯಾಲೆ ಬರಂಗಿಲ್ಲ ಅಂತ ಯಾರು ಹೇಳ್ಯಾರು?" ಎಂದರು. ಜೀವಶಾಸ್ತ್ರದ ಪ್ರಶ್ನೆಗೆ ನಾನು ಉತ್ತರ ಹೇಳಿದ್ದೆ, ಅವರು ಕೇಳಿದ್ದು ಒಡೆತನದ ಪ್ರಶ್ನೆ. ಆ ಬಗೆಯ ಬಿಟಿ ಹತ್ತಿಗೆ 2002ರಲ್ಲಿ ಸರಕಾರದ ಒಪ್ಪಿಗೆ ಸಿಕ್ಕಿತು. ಆ ಪ್ರಶ್ನೆ ಹಾಗೇ ಉಳಿದಿದೆ.

ಎರಡನೇ ವರ್ಷದ ಜನವರಿಯಲ್ಲಿ ಕಾಲೇಜಿನ ಪ್ರವಾಸ ಹಂಪಿಗೆ ಬಂತು. ಗೆಳತಿಯರೆಲ್ಲ ಕಲ್ಲಿನ ರಥದ ಮುಂದೆ ಫೋಟೋಕ್ಕೆ ನಿಂತರೆ, ನಮ್ಮ ಮೇಡಂ ಕಮಲಾಪುರದ ದಾರಿಯಲ್ಲಿ ಬಸ್ಸು ನಿಲ್ಲಿಸಿ ಬಾಳೆತೋಟಕ್ಕೆ ಕರೆದೊಯ್ದರು. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳ ನೀರೇ ಈಗಲೂ ಆ ತೋಟಗಳಿಗೆ ಹರಿಯುತ್ತದೆ. ನಾವು ತಿನ್ನುವ ಬಾಳೆಗಳಲ್ಲಿ ಹೆಚ್ಚಿನವುಗಳಿಗೆ ಎರಡರ ಬದಲು ಮೂರು ಸೆಟ್ ವರ್ಣತಂತುಗಳು, ಒಟ್ಟು 33. ಮೂರನ್ನು ಸಮನಾಗಿ ಎರಡು ಪಾಲು ಮಾಡಲಾಗದೆ ಬೀಜ ಕಟ್ಟುವುದಿಲ್ಲ, ಅದಕ್ಕೇ ಹಣ್ಣಿನೊಳಗೆ ಕಪ್ಪು ಚುಕ್ಕೆ ಮಾತ್ರ. ಕಂದು ಕಿತ್ತು ನೆಡುತ್ತ ಬಂದ ಒಂದೇ ಗಿಡ ಸಾವಿರಾರು ಎಕರೆಯಾಗಿ ನಿಂತಿರುವುದನ್ನು ಅವತ್ತು ಹೊಸ ಕಣ್ಣಿನಿಂದ ನೋಡಿದೆ. ಹುಟ್ಟಿದಾಗಿನಿಂದ ಅದರ ನೆರಳಲ್ಲೇ ಓಡಾಡಿದವಳು ನಾನು.

ಆಮೇಲೆ ವಿರೂಪಾಕ್ಷ ಗುಡಿ. ಅಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ, 1509-10ರ ಶಾಸನವಿದೆ. ರಂಗಮಂಟಪ ಕಟ್ಟಿಸಿದ್ದನ್ನು, ದತ್ತಿ ಕೊಟ್ಟದ್ದನ್ನು ಹೇಳುವ ಮೊದಲು ಅದು ವಂಶವನ್ನು ಹೇಳುತ್ತದೆ. ಚಂದ್ರನಿಂದ ಹಿಡಿದು ಬುಧ, ಪುರೂರವ ಎಂದು ಇಳಿಯುತ್ತ ತಿಮ್ಮ, ಈಶ್ವರ, ನರಸ, ಕೊನೆಗೆ ಕೃಷ್ಣ. ಮೇಡಂ ನಮಗೆ ಅದನ್ನೇ ವಂಶವೃಕ್ಷವಾಗಿ ಬರೆಯಲು ಹೇಳಿದರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ನರಸ ನಾಯಕನ ಚೌಕದಿಂದ ಎರಡು ಕಡೆ ಗೆರೆ: ತಿಪ್ಪಾಜಿಯಲ್ಲಿ ವೀರನರಸಿಂಹ, ನಾಗಲಾದೇವಿಯಲ್ಲಿ ಕೃಷ್ಣದೇವರಾಯ. ಆ ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರವೇ ನಮ್ಮ ಹೊಸಪೇಟೆ ಎಂದು ನಮ್ಮ ಕಡೆ ಹೇಳುತ್ತಾರೆ. ಜೀವಕೋಶದ ಮೈಟೊಕಾಂಡ್ರಿಯಾದಲ್ಲಿರುವ ಡಿಎನ್ಎ ತಾಯಿಯಿಂದ ಮಾತ್ರ ಇಳಿದು ಬರುತ್ತದೆ ಎಂದು ಮೇಡಂ ಗುಡಿಯ ಕಟ್ಟೆಯ ಮೇಲೆ ಕೂತು ಪಾಠ ಮಾಡಿದರು. ಶಾಸನಗಳು ಗಂಡುಮಕ್ಕಳ ಸಾಲನ್ನು ಕಲ್ಲಿನಲ್ಲಿ ಕೊರೆದವು. ಆ ಇನ್ನೊಂದು ಸಾಲನ್ನು ಕೊರೆಯುವವರಿರಲಿಲ್ಲ, ಆದರೂ ಅದು ಅಳಿಯಲಿಲ್ಲ. ಹಂಪಿಯಲ್ಲಿ ನಾನು ಅದುವರೆಗೆ ಕೇಳಿದ ಮಾತುಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಮುಂದಿನ ವಾರದ ಪ್ರಾಕ್ಟಿಕಲ್‌ಗೆ ಎಲ್ಲರೂ ತಂತಮ್ಮ ಮನೆಯ ವಂಶವೃಕ್ಷ ಬರೆದು ತರಬೇಕಿತ್ತು. ನಾಲ್ಕು ಪೀಳಿಗೆ ಸಾಕು. ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಗಂಡಹೆಂಡಿರ ನಡುವೆ ಒಂಟಿ ಗೆರೆಯ ಬದಲು ಜೋಡಿ ಗೆರೆ. ಜನ್ಮದತ್ತ ತೊಂದರೆಯಿದ್ದವರ ಚಿಹ್ನೆಯನ್ನು ಕಪ್ಪು ತುಂಬಬೇಕು.

ಹಾಸ್ಟೆಲಿನಲ್ಲಿ ರಾತ್ರಿ ಕೂತೆ. ಮೊದಲ ಸಾಲಿನಲ್ಲಿ ಅಪ್ಪನ ತಂದೆತಾಯಿ. ಎರಡನೇ ಸಾಲಿನಲ್ಲಿ ಅವರ ಮಕ್ಕಳು: ಸಂಡೂರಿಗೆ ಕೊಟ್ಟ ದೊಡ್ಡ ಮಗಳು, ಕೊನೆಯವನಾಗಿ ಅಪ್ಪ. ಮೂರನೇ ಸಾಲಿನಲ್ಲಿ ಆ ದೊಡ್ಡ ಮಗಳ ಮಗಳು, ನನ್ನ ಅವ್ವ. ಅಪ್ಪ ಮದುವೆಯಾದದ್ದು ತನ್ನ ಅಕ್ಕನ ಮಗಳನ್ನು. ಅಲ್ಲಿ ನನ್ನ ಸ್ಕೇಲು ನಿಂತಿತು. ಅಪ್ಪನ ಚೌಕ ಎರಡನೇ ಸಾಲಿನಲ್ಲಿ, ಅವ್ವನ ವೃತ್ತ ಮೂರನೆಯದರಲ್ಲಿ. ಅಡ್ಡಗೆರೆ ಎಳೆದರೆ ಕೂಡುವುದೇ ಇಲ್ಲ. ಓರೆಯಾಗಿ ಎಳೆದೆ, ಅಳಿಸಿದೆ, ಅಪ್ಪನನ್ನು ಒಂದು ಸಾಲು ಕೆಳಗಿಳಿಸಿದೆ, ಮತ್ತೆ ಅಳಿಸಿದೆ, ಕಾಗದ ಹರಿಯಿತು. ಹುಟ್ಟಿದಾಗಿನಿಂದ ನಾನು ಅಜ್ಜಿ ಎಂದು ಕರೆದವಳು ಅವ್ವನ ಕಡೆಯಿಂದ ನನಗೆ ಮುತ್ತಜ್ಜಿಯೂ ಹೌದು ಎಂಬುದು ಆ ರಾತ್ರಿಯೇ ನನಗೆ ಸರಿಯಾಗಿ ಹೊಳೆದದ್ದು. ಕಡೆಗೆ ಓರೆಯಾಗಿಯೇ ಎರಡು ಗೆರೆ ಎಳೆದು, ಕೆಳಗೆ ನನ್ನ ವೃತ್ತ, ತಮ್ಮನ ಚೌಕ ಬರೆದೆ. ಅವನ ಚೌಕಕ್ಕೆ ಪೆನ್ಸಿಲಿನಲ್ಲಿ ಕಪ್ಪು ತುಂಬುವಾಗ ಕೈ ನಡುಗಿತು.

ಆದರೆ ಅದನ್ನು ನೋಡುತ್ತ ಕೂತಂತೆ ಭಯಕ್ಕಿಂತ ಬೇರೆಯದೇ ಏನೋ ಮೂಡಿತು. ಮೊದಲ ಸಾಲಿನ ಇಬ್ಬರಲ್ಲಿ ಒಬ್ಬರ ಬಳಿ ಒಂದು ಅಡಗಿದ ಜೀನು ಇದ್ದಿರಬೇಕು. ಅದರ ಒಂದು ಪ್ರತಿ ನೇರವಾಗಿ ಅಪ್ಪನಿಗೆ ಬಂತು, ಇನ್ನೊಂದು ಸಂಡೂರಿನ ಅಜ್ಜಿಯ ಮೂಲಕ ಸುತ್ತಿ ಅವ್ವನಿಗೆ. ಇಬ್ಬರಿಗೂ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು, ನೊಣಗಳ ಆ ಮಧ್ಯದ ಪೀಳಿಗೆಗೆ ಪೂರ್ತಿ ರೆಕ್ಕೆ ಇದ್ದ ಹಾಗೆ. ಒಂದೇ ಮನೆಯಿಂದ ಹೊರಟ ಎರಡು ಪ್ರತಿಗಳು ತಮ್ಮನಲ್ಲಿ ಬಂದು ಕೂಡಿದವು.

ಕ್ಲಾಸಿನಲ್ಲಿ ಪುಸ್ತಕಗಳನ್ನೆಲ್ಲ ಹರವಿದಾಗ ಜೋಡಿ ಗೆರೆ ನನ್ನೊಬ್ಬಳದೇ ಆಗಿರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಬ್ರಿಟನ್ನಿನ ಎ.ಎಚ್. ಬಿಟ್ಲ್ಸ್ ಮತ್ತವರ ಸಂಗಡಿಗರು 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ಸಾವಿರಾರು ತಾಯಂದಿರನ್ನು ಕೇಳಿ ಮಾಡಿದ ಲೆಕ್ಕವನ್ನು ಮೇಡಂ ಹೇಳಿದರು. ಸುಮಾರು ಮೂರು ಮದುವೆಯಲ್ಲಿ ಒಂದು ರಕ್ತಸಂಬಂಧದ್ದು, ಅದರಲ್ಲಿ ದೊಡ್ಡ ಪಾಲು ಸೋದರಮಾವಂದಿರ ಜೊತೆ ಆದದ್ದು. ಉತ್ತರ ಭಾರತದ ಕಡೆಯಿಂದ ಬಂದಿದ್ದ ಒಬ್ಬ ಹುಡುಗಿ ಮುಖ ಸಿಂಡರಿಸಿದಳು. ಸಂಡೂರಿನ ಲಂಬಾಣಿ ತಾಂಡಾದಿಂದ ಅಜ್ಜಿಯ ಮನೆಗೆ ಬರುತ್ತಿದ್ದ, ಕನ್ನಡಿ ಹೊಲಿದ ಕಸೂತಿಯ ಚೀಲ ಮಾರುವ ಹೆಂಗಸೂ ಹೀಗೇ ಮುಖ ಮಾಡಿ ಕೇಳುತ್ತಿದ್ದಳು. ರಾಠೋಡರ ಮನೆಗೆ ರಾಠೋಡರ ಹೆಣ್ಣು ತಾರದವರು ಅವರು. "ಮಾಮ ಅಂತ ಕರೆದವನ್ನ ಹೆಂಗ ಲಗ್ನಾ ಆಗ್ತೀರೆವ್ವಾ?"

ಅವರಿಗೆ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಅವ್ವ ಹದಿನೇಳಕ್ಕೆ ಗಂಡನ ಮನೆಗೆ ಬಂದಾಗ ಅತ್ತೆಯಾಗಿ ಸಿಕ್ಕಿದ್ದು ಅವಳ ಸ್ವಂತ ಅಜ್ಜಿ. ಬಂದ ದಿನ ಸಂಜೆ ಆ ಅಜ್ಜಿಯೇ ಎಣ್ಣೆ ಹಚ್ಚಿ ತಲೆ ಬಾಚಿದಳಂತೆ. ವರದಕ್ಷಿಣೆಯ ಮಾತಿಲ್ಲ, ಹೊಡೆತ ಬಡಿತವಿಲ್ಲ, ಕಾಲುವೆ ಕೆಳಗಿನ ಒಂದೂವರೆ ಎಕರೆ ಗದ್ದೆ ಒಡೆಯಲಿಲ್ಲ. ಬೇರೆ ಮನೆಗಳಿಗೆ ಹೋದ ಅವಳ ಗೆಳತಿಯರು ಏನು ಅನುಭವಿಸಿದರೆಂದು ನನಗೆ ಗೊತ್ತು. ಆ ಮದುವೆಗಳ ಹಿಂದೆ ಅಜ್ಞಾನವೊಂದೇ ಇತ್ತು ಎನ್ನುವವರು ಹೆಣ್ಣುಮಕ್ಕಳು ಎಲ್ಲಿ ಸುರಕ್ಷಿತವಾಗಿದ್ದರು ಎಂದು ಒಮ್ಮೆ ಎಣಿಸಿ ನೋಡಬೇಕು. ತಲೆ ಬಾಚಿದ ಅದೇ ಕೈಯ ಅಜ್ಜಿ ಈಳಿಗೆಯ ಮಾತನ್ನೂ ಆಡಿದಳು. ಪ್ರೀತಿ ಸುಳ್ಳಾಗಿರಲಿಲ್ಲ, ಆ ಮಾತಿನ ಗಾಯವೂ ಸುಳ್ಳಾಗಿರಲಿಲ್ಲ.

ಆ ಬೇಸಿಗೆಗೆ ಮುಂಚೆ ತಮ್ಮನನ್ನು ಮೈಸೂರಿಗೆ ಕರೆಸಿಕೊಂಡೆ. ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಬಂದು, ಅಪ್ಪನ ಜೊತೆ ಮೈಸೂರಿನಲ್ಲಿ ಇಳಿದ. ಮಾನಸಗಂಗೋತ್ರಿಯ ಪಕ್ಕದಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ನೊಣಗಳ ಸೀಸೆ ತರಲು ನಾನು ಎಷ್ಟು ಸಲ ಅದರ ಮುಂದೆ ನಡೆದಿದ್ದೆನೋ. ಅಲ್ಲಿ ಪರೀಕ್ಷೆ ಮಾಡಿದವರು ಕೇಳಿದ ಮೊದಲ ಕೆಲವು ಪ್ರಶ್ನೆಗಳಲ್ಲಿ ಒಂದು: ಸಂಬಂಧದಲ್ಲಿ ಮದುವೆಯೇ? ಅಪ್ಪ ತಲೆಯಾಡಿಸಿದ. ಆಮೇಲೆ ಹೊರಗೆ ಬೆಂಚಿನ ಮೇಲೆ ಬಹಳ ಹೊತ್ತು ಮಾತಿಲ್ಲದೆ ಕೂತಿದ್ದ. ಅಪ್ಪ ಅಂದು ಏನು ಯೋಚಿಸಿದನೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

1999ರ ಮೇ ತಿಂಗಳು. ಸಂಡೂರಿನ ಅಜ್ಜಿ ತನ್ನ ಕಿರಿಯ ಮಗನಿಗೆ, ಅಂದರೆ ಅವ್ವನ ತಮ್ಮನಿಗೆ, ನನ್ನನ್ನು ತಂದುಕೊಳ್ಳುವ ಮಾತೆತ್ತಿದಳು. ಮಾಮ ಒಳ್ಳೆಯವನು. ಅದಿರಿನ ಲಾರಿ ಓಡಿಸುತ್ತಿದ್ದ, ಕೆಂಪು ಧೂಳು ಮೆತ್ತಿದ ಅಂಗಿಯಲ್ಲೇ ಬಂದು ನನಗೆ ಪುಸ್ತಕ ಕೊಡಿಸಿದ್ದ. ಬೇಡವೆನ್ನಲು ನನ್ನ ಬಳಿ ಅವನ ಬಗ್ಗೆ ಒಂದು ದೂರೂ ಇರಲಿಲ್ಲ. ಇದ್ದದ್ದು ಲೆಕ್ಕ ಮಾತ್ರ. ಕಿವಿ ಕೇಳಿಸುವ ಅಕ್ಕನಾದ ನನ್ನೊಳಗೆ ಆ ಜೀನು ಅಡಗಿರುವ ಸಾಧ್ಯತೆ ಮೂರರಲ್ಲಿ ಎರಡು. ಅಜ್ಜಿಯಿಂದ ಮಾಮನಿಗೆ ಬಂದಿರುವ ಸಾಧ್ಯತೆ ಎರಡರಲ್ಲಿ ಒಂದು. ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೆ ನಾಲ್ಕರಲ್ಲಿ ಒಂದು. ಎಲ್ಲ ಗುಣಿಸಿದರೆ ಹನ್ನೆರಡರಲ್ಲಿ ಒಂದು.

ಅವ್ವನೊಬ್ಬಳಿಗೆ ಹೇಳಿದೆ, ಹಿತ್ತಲಲ್ಲಿ, ಮೊರದ ಮೇಲೆ ಅಕ್ಕಿಕಾಳು, ತೊಗರಿಬೇಳೆ ಇಟ್ಟುಕೊಂಡು. ಪ್ರತಿಯೊಬ್ಬರಿಗೂ ಎರಡು ಕಾಳು. ಅಕ್ಕಿ ಒಂದಿದ್ದರೂ ಕಿವಿ ಕೇಳಿಸುತ್ತದೆ, ಎರಡೂ ಬೇಳೆಯಾದರೆ ಇಲ್ಲ. ಅಪ್ಪನ ತಂದೆಯೋ ತಾಯಿಯೋ ಒಬ್ಬರಿಂದ ಒಂದು ಬೇಳೆ ಹೊರಟು ಅಪ್ಪನ ಕಡೆಗೆ, ಇನ್ನೊಂದು ಸಂಡೂರಿಗೆ, ಅಲ್ಲಿಂದ ಅವ್ವನಿಗೆ. ಅವ್ವ ಬೇಳೆಯನ್ನು ಬೆರಳಿನಲ್ಲಿ ಹಿಂದೆ ಮುಂದೆ ಸರಿಸಿ ನೋಡಿದಳು. ನಾನು ಹನ್ನೆರಡರ ಲೆಕ್ಕ ಹೇಳುವಷ್ಟರಲ್ಲಿ, "ಹಂಗಾದ್ರ ಹನ್ನೊಂದು ಸಲ ಚಲೋನೇ ಆಕ್ಕೈತಲ್ಲ" ಎಂದಳು. ಸರಿಯಾದ ಮಾತು. ಅದನ್ನು ಅಲ್ಲಗಳೆಯಲು ಯಾವ ಪುಸ್ತಕದಲ್ಲೂ ಸೂತ್ರವಿಲ್ಲ. ಹೌದು ಅವ್ವ, ಆದರೆ ಆ ಒಂದು ನಮ್ಮನೆಯಲ್ಲಿ ಈಗಾಗಲೇ ಬಂದು ಹೋಗಿದೆ ಎಂದೆ.

ಅವಳು ಮತ್ತೆ ಮೊರದ ಕಡೆ ನೋಡಿದಳು. "ಹೆಣ್ಣು ಸಾಲು, ಗಂಡು ಸಾಲು ಎರಡಕ್ಕೂ ಒಂದೇ ಚೀಲದ ಬೀಜ ಹಾಕಿದಂಗಾತು" ಎಂದಳು.

ಎರಡು ವರ್ಷದ ಓದಿನಲ್ಲಿ ಅಷ್ಟು ಚೊಕ್ಕವಾಗಿ ಯಾರೂ ನನಗೆ ಅದನ್ನು ಹೇಳಿಕೊಟ್ಟಿರಲಿಲ್ಲ.

ಬಹಳ ಹೊತ್ತಾದ ಮೇಲೆ, ಮೊರದ ಕಾಳುಗಳನ್ನು ಬೇರೆ ಮಾಡುತ್ತ, ನನ್ನ ಮುಖ ನೋಡದೆ ಕೇಳಿದಳು: "ಹಂಗಾದ್ರ ಈಳಿಗಿ ಅಲ್ಲೇನು?"

ಅಲ್ಲವ್ವ ಎಂದೆ. ತಮ್ಮ ಗ್ರಹಣದ ದಿನಕ್ಕೆ ಮೊದಲೇ, ನಿನ್ನ ಹೊಟ್ಟೆಯಲ್ಲಿ ಒಂದು ಚುಕ್ಕೆಯಾದ ದಿನವೇ ಅದು ಆಗಿಹೋಗಿತ್ತು. ನೀನು ಏನು ಹೆಚ್ಚಿದರೂ, ಹೆಚ್ಚದಿದ್ದರೂ. ಅವ್ವ ಅಳಲಿಲ್ಲ. ಕಾಳು ಬೇರೆ ಮಾಡುವ ಕೈ ನಿಲ್ಲಲಿಲ್ಲ.

ಆಗ ನನ್ನ ಬಳಿ ಪುರಾವೆ ಇರಲಿಲ್ಲ ಎಂಬುದನ್ನೂ ಹೇಳಬೇಕು. ಮಗುವಿಗೆ ಕಿವುಡು ಬರಲು ಬಸುರಿಗೆ ತಗಲಿದ ರುಬೆಲ್ಲಾ, ಹುಟ್ಟಿದಾಗಿನ ತೀವ್ರ ಕಾಮಾಲೆ, ಹೀಗೆ ಬೇರೆ ದಾರಿಗಳೂ ಇವೆ. ಒಂದು ಮಗುವನ್ನು ಕಂಡು ನೊಣಗಳ ಹಾಗೆ ಮೂರಕ್ಕೊಂದು ಎನ್ನಲಾಗುವುದಿಲ್ಲ. ಜಿಜೆಬಿ2 ಎಂಬ ಜೀನಿಗೂ ಹುಟ್ಟುಕಿವುಡಿಗೂ ಇರುವ ಸಂಬಂಧ ಗೊತ್ತಾದದ್ದೇ 1997ರಲ್ಲಿ, ನಾನು ಡಿಗ್ರಿಗೆ ಸೇರಿದ ವರ್ಷ. ಹತ್ತು ವರ್ಷಕ್ಕೂ ಮೇಲಾದ ನಂತರ ತಮ್ಮನ ರಕ್ತಪರೀಕ್ಷೆಯ ಕಾಗದ ಕೈಗೆ ಬಂತು. 226 ಅಮೈನೊ ಆಮ್ಲಗಳ ಪ್ರೋಟೀನು ಕಟ್ಟಬೇಕಾದ ಆ ಜೀನಿನಲ್ಲಿ, 24ನೆಯ ಜಾಗದಲ್ಲೇ ಪೂರ್ಣವಿರಾಮ ಬಿದ್ದಿತ್ತು. ಎರಡೂ ಪ್ರತಿಗಳಲ್ಲಿ, ಅದೇ ಜಾಗದಲ್ಲಿ. ನಮ್ಮ ದೇಶದ ಹುಟ್ಟುಕಿವುಡರಲ್ಲಿ ಮತ್ತೆ ಮತ್ತೆ ಕಾಣುವ ಬದಲಾವಣೆ ಅದು. ತಮ್ಮ ಹೊಸಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾನೆ. ಕಾಗದದ ಮೇಲೆ ಬೆರಳಿಟ್ಟು ಕೈಸನ್ನೆಯಲ್ಲಿ ಅವನಿಗೆ ವಿವರಿಸಿದೆ. ಅವನು ಟೇಪು ಹಿಡಿದು, ಬಟ್ಟೆ 226 ಬೇಕಿತ್ತು, 24ಕ್ಕೇ ಕತ್ತರಿ ಬಿತ್ತು ಎಂದು ತೋರಿಸಿ ತಲೆಯಾಡಿಸಿದ.

ಮಾಮನಿಗೆ ಬೇರೆ ಕಡೆಯಿಂದ ಹೆಣ್ಣು ತಂದರು. ಸಂಡೂರಿನ ಅಜ್ಜಿ ನನ್ನೊಡನೆ ಎರಡು ವರ್ಷ ಮಾತು ಬಿಟ್ಟಳು. ಓದಿಸಿದ್ದು ತಪ್ಪಾಯಿತು ಎಂದು ಅವಳು ಅವ್ವನ ಮುಂದೆ ಅಂದದ್ದೂ ಉಂಟು. ಮಾತು ಮತ್ತೆ ಶುರುವಾದಾಗ ಅವಳಿಗೆ ನನ್ನ ಹೆಸರು ಮರೆಯುವ ವಯಸ್ಸಾಗಿತ್ತು.

ಆ 1999ರಲ್ಲೇ, ಆಗಸ್ಟ್ 11ರಂದು ನಾಗರ ಅಮಾವಾಸ್ಯೆ, ಮತ್ತೆ ಸೂರ್ಯಗ್ರಹಣ. ಗುಜರಾತಿನ ಕಡೆ ಪೂರ್ತಿ, ನಮ್ಮಲ್ಲಿ ಪಾರ್ಶ್ವ, ಅದೂ ಸಂಜೆಯ ಹೊತ್ತು. ಪಂಚಮಿಗೆಂದು ನಾನು ಊರಿಗೆ ಬಂದಿದ್ದೆ. ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು, ನೀರಿನ ಕೊಡಗಳಿಗೆಲ್ಲ ದರ್ಭೆ ಬಿದ್ದಿತ್ತು. ಅಪ್ಪನ ತಾಯಿ ಕಣ್ಣು ಕಾಣದೆ ಒಳಮನೆಯಲ್ಲಿ ಮಲಗಿದ್ದಳು. ಆರು ಗಂಟೆಯ ಸುಮಾರಿಗೆ, ಅಂಗಳದ ಬಿಸಿಲು ತೆಳುವಾಗಿ ಬಣ್ಣಗೆಟ್ಟಾಗ, ಅವ್ವ ಅಟ್ಟದ ಕೆಳಗಿನಿಂದ ಈಳಿಗೆ ತೆಗೆದಳು. ಪಡಸಾಲೆಯಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಕಾಲು ಮಡಚಿ ಅದರ ಮಣೆಯ ಮೇಲೆ ಕೂತಳು. ಪಕ್ಕದಲ್ಲಿ ಬುಟ್ಟಿ. ಸಪ್ಪಳ ಕೇಳದ ತಮ್ಮ ಎದುರಿಗೆ ಕೂತು ಅವಳ ಕೈಯನ್ನೇ ನೋಡುತ್ತಿದ್ದ. ಅವನ ಕಡೆ ಒಮ್ಮೆ ನೋಡಿ, ಒಂದು ಬದನೆಕಾಯಿ ತೆಗೆದುಕೊಂಡು, ಆ ಕಪ್ಪು ಉಗುರಿನಿಂದ ತೊಟ್ಟಿನ ಮುಳ್ಳು ಚಿವುಟಿ ತೆಗೆದು, ಹೆಚ್ಚತೊಡಗಿದಳು.